ವಂಶ, ಗೋತ್ರ, ಬೆಡಗು, ಬಳಿ: ಮನೆತನದ ಬೇರು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆತನದ ವಂಶವೃಕ್ಷ ಬರೆಯಲು ಕೂತಾಗಿನಿಂದ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಎನಿಸಿತು. ಕೆಲವು ಉತ್ತರಗಳು ಉದ್ದವಾಗಿವೆ. ಆ ವಿಷಯಗಳನ್ನು ಚುಟುಕಾಗಿ ಹೇಳಲು ನನಗೆ ಮನಸ್ಸು ಬರಲಿಲ್ಲ.

ವಂಶ, ಕುಲ, ಗೋತ್ರ, ಮನೆತನ ಎಲ್ಲ ಒಂದೇನಾ?

ಅಲ್ಲ. ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತೇವೆ, ಅಷ್ಟೆ. ‘ವಂಶ’ ಎಂಬ ಸಂಸ್ಕೃತ ಪದಕ್ಕೆ ಬಿದಿರು ಎಂಬ ಅರ್ಥವೂ ಇದೆ. ಗಿಣ್ಣಿನ ಮೇಲೆ ಗಿಣ್ಣು ಬೆಳೆಯುವ ಹಾಗೆ ತಂದೆ, ಮಗ, ಮೊಮ್ಮಗ, ಮರಿಮಗ, ಗಿರಿಮಗ ಎಂದು ಸಾಗುವ ಸಾಲು ಅದು. ಗೋತ್ರ ಅದಕ್ಕಿಂತ ಬಹಳ ದೊಡ್ಡ ಬಳಗ: ಒಬ್ಬ ಋಷಿಯ ಹೆಸರಿನಡಿ ಬರುವ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಸಾವಿರಾರು ಮನೆಗಳು. ಮನೆತನ ಎಂದರೆ ಒಂದು ಮನೆಯಿಂದ ಒಡೆದು ಹಂಚಿಹೋದವರು, ಸಾಮಾನ್ಯವಾಗಿ ಹೆಸರು ಹಿಡಿದು ಗುರುತಿಸಬಹುದಾದವರು.

ದಾಯಾದಿ ಎಂಬ ಮಾತು ಇನ್ನೂ ಹತ್ತಿರದ್ದು. ‘ದಾಯ’ ಎಂದರೆ ಪಾಲು. ಆ ಪಾಲಿನಲ್ಲಿ ಹಕ್ಕಿದ್ದವರು ದಾಯಾದಿಗಳು. ನಮ್ಮಲ್ಲಿ ಇದು ದಿನನಿತ್ಯದ ಲೆಕ್ಕ. ಯಾರಾದರೂ ತೀರಿಕೊಂಡರೆ ಯಾವ ಮನೆಗೆ ಹತ್ತು ದಿನ ಸೂತಕ, ಯಾವ ಮನೆಗೆ ಮೂರೇ ದಿನ ಎಂದು ಅಜ್ಜಿ ಕ್ಷಣದಲ್ಲಿ ಹೇಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ವಂಶವೃಕ್ಷ ಕಾಗದದ ಮೇಲೆ ಇರಲೇ ಇಲ್ಲ. ಸೂತಕದ ಈ ಲೆಕ್ಕದಲ್ಲಿ ಇತ್ತು.

ನಮ್ಮಲ್ಲಿ ಗೋತ್ರ ಅನ್ನೋದಿಲ್ಲ, ಬೆಡಗು ಅಂತಾರೆ. ಅದೇನು?

ನಿಮ್ಮದು ಗೋತ್ರಕ್ಕೆ ಬದಲಿಯಾಗಿ ಬಂದ ಕಿರಿಯ ಪದ್ಧತಿ ಅಂದುಕೊಳ್ಳಬೇಡಿ. ಅದಕ್ಕೆ ಅದರದೇ ಘನತೆ ಇದೆ. ಕುರುಬರು ಮತ್ತು ಇನ್ನೂ ಹಲವು ಸಮುದಾಯಗಳಲ್ಲಿ ಬೆಡಗು ಒಂದು ಗಿಡದ, ಪ್ರಾಣಿಯ ಅಥವಾ ದಿನಬಳಕೆಯ ವಸ್ತುವಿನ ಹೆಸರು ಹೊತ್ತಿರುತ್ತದೆ: ಆನೆ, ಅರಿಶಿನ, ಬೆಳ್ಳಿ, ಜೀರಿಗೆ, ಮೆಣಸು, ಉಪ್ಪು, ಉಂಗುರ, ಬನ್ನಿ. ತಮ್ಮ ಬೆಡಗಿನ ವಸ್ತುವನ್ನು ಕಡಿಯಬಾರದು, ಹಾನಿ ಮಾಡಬಾರದು, ಕೆಲವರು ತಿನ್ನಲೂಬಾರದು ಎಂಬ ಕಟ್ಟಳೆ ಇತ್ತು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಕೊಡು-ಕೊಳ್ಳುವುದಿಲ್ಲ. ಬೇರೆ ಬೆಡಗಿನವರು ಬೀಗರಾಗಬಹುದು. ವೀರಶೈವ ಲಿಂಗಾಯತರಲ್ಲಿ ನಂದಿ, ಭೃಂಗಿ, ವೀರ, ವೃಷ, ಸ್ಕಂದ ಎಂಬ ಐದು ಗೋತ್ರಗಳನ್ನು ಹೇಳುವ ಪರಂಪರೆ ಇದೆ, ಜೊತೆಗೆ ಬೆಡಗಿನ ಲೆಕ್ಕವೂ ಇದೆ.

ಮನೆಯಲ್ಲಿ ಯಾರಿಗೂ ಬೆಡಗು ನೆನಪಿಲ್ಲದಿದ್ದರೆ ಅಜ್ಜಿಯನ್ನು ‘ನಮ್ಮ ಬೆಡಗು ಯಾವುದು’ ಎಂದು ಕೇಳಬೇಡಿ. ‘ನಮ್ಮ ಮನೇಲಿ ಯಾವುದನ್ನ ಮುಟ್ಟಬಾರದು ಅಂತಿದ್ರು’ ಎಂದು ಕೇಳಿ ನೋಡಿ.

ಒಂದೇ ಗೋತ್ರದವರು ಮದುವೆಯಾದರೆ ಕಾನೂನಿನ ಅಡ್ಡಿ ಇದೆಯೇ?

ಇಲ್ಲ. ಸಗೋತ್ರ ವಿವಾಹಕ್ಕೆ 1946ರ ಕಾಯ್ದೆಯೇ ಮಾನ್ಯತೆ ಕೊಟ್ಟಿತು. 1955ರ ಹಿಂದೂ ವಿವಾಹ ಕಾಯ್ದೆ ತಡೆಯುವುದು ಸಪಿಂಡ ಸಂಬಂಧವನ್ನು, ಅಂದರೆ ಹತ್ತಿರದ ರಕ್ತಸಂಬಂಧವನ್ನು: ತಂದೆಯ ಕಡೆಯಿಂದ ಐದು ತಲೆಮಾರು, ತಾಯಿಯ ಕಡೆಯಿಂದ ಮೂರು ತಲೆಮಾರು. ಅದರಲ್ಲೂ ರೂಢಿಯಿದ್ದರೆ ವಿನಾಯಿತಿ ಉಂಟು. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ನಡೆದುಬಂದಿರುವುದು ಆ ರೂಢಿಯ ಬಲದಿಂದ.

ತುಳುನಾಡಿನ ‘ಬಳಿ’ ತಾಯಿಯಿಂದ ಬರುತ್ತದಂತೆ, ನಿಜವೇ?

ನಿಜ. ಬಳಿ ಎಂದರೆ ಅಲ್ಲಿನ, ಗೋತ್ರದಂಥ ಬಳಗ. ತುಳುವಿನಲ್ಲಿ ‘ಬರಿ’. ಬಂಟರು, ಬಿಲ್ಲವರು, ಮೊಗವೀರರು, ಅಲ್ಲಿನ ಕೆಲವು ಜೈನ ಮನೆತನಗಳು ಅಳಿಯಸಂತಾನ ಕಟ್ಟನ್ನು ಅನುಸರಿಸಿದವರು. ಮಕ್ಕಳು ತಾಯಿಯ ಬಳಿಗೆ, ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ಗಂಡಸಿನ ಉತ್ತರಾಧಿಕಾರಿ ಅವನ ಅಕ್ಕತಂಗಿಯರ ಮಕ್ಕಳು. ‘ಅಳಿಯ’ ಎಂದರೆ ಇಲ್ಲಿ ಮಗಳ ಗಂಡನಲ್ಲ, ಸಹೋದರಿಯ ಮಗ. ಘಟ್ಟದ ಮೇಲಿನ ನಾವು ಇಲ್ಲೇ ಎಡವುತ್ತೇವೆ. ಒಬ್ಬ ತಾಯಿ ಮತ್ತು ಅವಳ ಹೆಣ್ಣು ಸಂತತಿಯಿಂದ ಬೆಳೆದ ಕವಲಿಗೆ ‘ಕವರು’ ಎನ್ನುತ್ತಾರೆ.

ಇದಕ್ಕೊಂದು ಐತಿಹ್ಯವಿದೆ. ಕುಂಡೋದರನೆಂಬ ಭೂತ ನರಬಲಿ ಕೇಳಿದಾಗ ರಾಜನ ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಮೆಚ್ಚಿ ಅವನನ್ನು ಉಳಿಸಿತು, ಅವನೇ ಭೂತಾಳಪಾಂಡ್ಯನಾಗಿ ಈ ಕಟ್ಟನ್ನು ತಂದ ಎಂಬ ಕತೆ. ಅದನ್ನು ಇತಿಹಾಸ ಎನ್ನಲಾಗದು. ಆದರೆ ಅಳಿಯನಿಗೇ ಏಕೆ ಎಂಬ ಪ್ರಶ್ನೆಯನ್ನು ಆ ಜನ ಎಷ್ಟು ಗಂಭೀರವಾಗಿ ಎದುರಿಸಿದ್ದರು ಎಂಬುದು ಅದರಿಂದ ತಿಳಿಯುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ವಿಷಯದಲ್ಲಿ ಹಳೆಯ ಕಟ್ಟು ಸಡಿಲಾಯಿತು. ಮದುವೆಯ ಮಾತುಕತೆಯಲ್ಲಿ ಬಳಿ ಕೇಳುವುದು ಮಾತ್ರ ಇಂದಿಗೂ ಇದೆ.

ಕೊಡವರು ಮೊದಲು ಮನೆಯ ಹೆಸರನ್ನೇ ಹೇಳುತ್ತಾರಲ್ಲ, ಯಾಕೆ?

ಅದು ಒಕ್ಕದ, ಅಂದರೆ ಮನೆತನದ, ಹೆಸರು. ಕೋದಂಡೇರ ಮಾದಪ್ಪ ಕಾರ್ಯಪ್ಪ ಎಂದಾಗ ಕೋದಂಡೇರ ಒಕ್ಕ ಮೊದಲು, ಆಮೇಲೆ ತಂದೆ, ಕೊನೆಗೆ ಫೀಲ್ಡ್ ಮಾರ್ಷಲ್. ಒಕ್ಕಕ್ಕೊಂದು ಮೂಲಮನೆಯಾದ ಐನ್‌ಮನೆ, ಹಿರಿಯರ ಗುಡಿಯಾದ ಕೈಮಡ, ಮೂಲಪುರುಷನಾದ ಕಾರಣ. ಹೊಸ ಕಾಲದಲ್ಲಿ ಈ ವಂಶಪ್ರಜ್ಞೆ ಹಾಕಿ ಮೈದಾನಕ್ಕೂ ಇಳಿದಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಪ್ರತಿ ಒಕ್ಕವೂ ಒಂದು ತಂಡ. ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುತ್ತದೆ. ಹೆಣ್ಣು ಗಂಡೆನ್ನದೆ ಒಂದೇ ಮನೆಯ ಮೂರು ತಲೆಮಾರು ಒಟ್ಟಿಗೆ ಸ್ಟಿಕ್ ಹಿಡಿದು ನಿಂತಿರುವುದನ್ನು ನೋಡಿದರೆ, ಮದುವೆ ಮನೆಯಲ್ಲಷ್ಟೇ ಸೇರುವ ನಮ್ಮಂಥವರಿಗೆ ಹೊಟ್ಟೆ ಚುರ್ ಎನ್ನುತ್ತದೆ.

ಹೆಳವರು ಎಂದರೆ ಯಾರು? ಅವರ ಬಳಿ ನಮ್ಮ ವಂಶಾವಳಿ ಸಿಗುತ್ತದೆಯೇ?

ಸಿಗಬಹುದು. ಕರ್ನಾಟಕದಲ್ಲಿ ರೈತಾಪಿ ಮನೆತನಗಳ ವಂಶಾವಳಿಯನ್ನು ವೃತ್ತಿಯಾಗಿ ಕಾಪಾಡಿದ ಅಲೆಮಾರಿ ಸಮುದಾಯ ಇದು. ‘ಹೆಳವ’ ಎಂದರೆ ಕಾಲಿಲ್ಲದವನು. ಎತ್ತಿನ ಮೇಲೆ ಕೂತು ಬಂದ, ಕಾಲಿಲ್ಲದ ತಮ್ಮ ಮೂಲಪುರುಷನ ನೆನಪಿಗೆ ಹೆಳವರು ಕಾಲು ಮುಚ್ಚುವಂತೆ ಕಂಬಳಿ ಹೊದ್ದು, ಅಲಂಕರಿಸಿದ ಎತ್ತಿನ ಮೇಲೆ ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಮನೆ ಮುಂದೆ ನಿಂತು ನಿಮ್ಮ ಮೂಲಪುರುಷ ಯಾರು, ಯಾವ ಊರಿಂದ ಬಂದ, ಅವನ ಮಕ್ಕಳೆಷ್ಟು, ಯಾವ ಕವಲು ಯಾವ ಹಳ್ಳಿಗೆ ಹೋಯಿತು, ಮನೆದೇವರು ಯಾವುದು, ಬೆಡಗು ಯಾವುದು ಎಂದು ರಾಗವಾಗಿ ಹೇಳುತ್ತಾ ಹೋಗುತ್ತಾರೆ. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ಹಣ, ಅನುಕೂಲವಿದ್ದವರು ಕುರಿಯನ್ನೋ ಕರುವನ್ನೋ ಕೊಡುವುದು ವಾಡಿಕೆ. ಓಲೆಗರಿ, ತಾಮ್ರಪಟಗಳಿಂದ ದಪ್ಪ ಪುಸ್ತಕಗಳಿಗೆ ಬಂದ ಈ ದಾಖಲೆ ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ. ಯಾವ ಹಳ್ಳಿಗಳು ಯಾರಿಗೆ ಎಂದು ಅವರೊಳಗೇ ಹಂಚಿಕೆಯೂ ಇದೆ.

ಹಾಗಾಗಿ ಸಿಕ್ಕ ಹೆಳವರನ್ನೆಲ್ಲ ಕೇಳಿ ಪ್ರಯೋಜನವಿಲ್ಲ. ಮೂಲ ಊರಿನಲ್ಲಿ ಉಳಿದಿರುವ ದಾಯಾದಿಗಳನ್ನು ವಿಚಾರಿಸಿ: ‘ನಮ್ಮ ಮನೆಗೆ ಬರುವ ಹೆಳವರು ಯಾವ ಊರಿನವರು?’ ಅವರು ಎಲ್ಲ ಜಾತಿಗಳ ಮನೆಗೂ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಬಂದಾಗ ಪುಸ್ತಕದ ಫೋಟೊ ತೆಗೆಯುವ ಮುಂಚೆ ಅನುಮತಿ ಕೇಳಿ, ತಕ್ಕ ಕಾಣಿಕೆ ಕೊಡಿ. ಅದು ಅವರ ಅನ್ನ. ನಗರಕ್ಕೆ ಬಂದ ನಾವು ಬಾಗಿಲು ತೆರೆಯದೆ ಕಳಿಸಿದ ಸಲವೆಲ್ಲ ನಮ್ಮ ಒಂದೊಂದು ಸಾಲು ಬರೆಯದೆ ಉಳಿದಿದೆ.

ಅವರು ಹೇಳುವುದು ಹೆಚ್ಚಾಗಿ ಗಂಡು ಸಂತಾನದ ಸಾಲು. ಹೆಣ್ಣುಮಕ್ಕಳ ಹೆಸರನ್ನೂ ಬರೆಯಿರಿ ಎಂದು ನೀವೇ ಕೇಳಿ. ಕಾಶಿ, ಗಯೆ, ತ್ರ್ಯಂಬಕೇಶ್ವರ, ಹರಿದ್ವಾರದ ತೀರ್ಥಪುರೋಹಿತರ ವಹಿಗಳಲ್ಲೂ ಯಾತ್ರೆಗೆ ಹೋದ ಹಿರಿಯರ ಹೆಸರು, ಊರು, ಕೆಲವೊಮ್ಮೆ ಅವರದೇ ಕೈಬರಹ ಸಿಗುತ್ತದೆ.

ನಾವಿರುವುದು ಒಂದು ಕಡೆ, ಮನೆದೇವರು ಎಲ್ಲೋ ದೂರದಲ್ಲಿ. ಇದಕ್ಕೇನಾದರೂ ಅರ್ಥವಿದೆಯೇ?

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಒಳ್ಳೆಯ ಸುಳಿವು. ಜನ ಊರು ಬಿಡುತ್ತಾರೆ, ಹೊಲ ಬಿಡುತ್ತಾರೆ, ಮನೆದೇವರನ್ನು ಬಿಡುವುದು ಕಡಿಮೆ. ಕರಾವಳಿಯ ಎಷ್ಟೋ ಕೊಂಕಣಿ ಮನೆತನಗಳ ಕುಲದೇವರು ಇಂದಿಗೂ ಗೋವೆಯ ಮಂಗೇಶಿ, ಶಾಂತಾದುರ್ಗಾ, ಮಹಾಲಸಾ, ರಾಮನಾಥಿ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಆಳ್ವಿಕೆಯಲ್ಲಿ ಊರು ಬಿಟ್ಟು ಬಂದವರ ದಾರಿಯನ್ನು ಆ ಹೆಸರುಗಳೇ ಹೇಳುತ್ತವೆ. ಸಂಕೇತಿ ಬ್ರಾಹ್ಮಣರಂತೂ ತಮಿಳುನಾಡಿನ ಕಡೆಯಿಂದ ಹಾಸನದ ಕೌಶಿಕ ಮತ್ತು ಮೈಸೂರು ಜಿಲ್ಲೆಯ ಬೆಟ್ಟದಪುರಕ್ಕೆ ಬಂದ ವಲಸೆಯನ್ನು ನಾಚಾರಮ್ಮ ಎಂಬ ಒಬ್ಬ ಹೆಣ್ಣಿನ ಕತೆಯಾಗಿಯೇ ನೆನಪಿಟ್ಟುಕೊಂಡಿದ್ದಾರೆ.

ಮೈಲಾರಲಿಂಗ, ಸವದತ್ತಿ ಎಲ್ಲಮ್ಮ, ಬಿಳಿಗಿರಿರಂಗ, ಮಾದಪ್ಪ, ಯಾವ ದೇವರ ಒಕ್ಕಲಾಗಿದ್ದರೂ ಸರಿ, ಜಾತ್ರೆಗೆ ಹೋಗಿ. ಅಲ್ಲಿನ ಪೂಜಾರಿಗಳಿಗೆ ಯಾವ ಯಾವ ಊರಿನಿಂದ ಒಕ್ಕಲು ಬರುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ. ನಿಮಗೆ ಗೊತ್ತೇ ಇಲ್ಲದ ದಾಯಾದಿಗಳು ಪಕ್ಕದ ಸಾಲಿನಲ್ಲೇ ಹಣ್ಣುಕಾಯಿ ಹಿಡಿದು ನಿಂತಿರಬಹುದು.

ಅಡ್ಡಹೆಸರಿನಿಂದ ವಂಶ ತಿಳಿಯುತ್ತದೆಯೇ?

ಸ್ವಲ್ಪ ಮಟ್ಟಿಗೆ. ದೇಸಾಯಿ, ನಾಡಗೌಡ, ಪಾಟೀಲ, ಕುಲಕರ್ಣಿ, ಶಾನಭಾಗ ಇವೆಲ್ಲ ಹುದ್ದೆಗಳು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು, 1963ರಿಂದ ಜಾರಿಗೆ ಬಂತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಬಡಿಗೇರ, ಪತ್ತಾರ, ಅಂಗಡಿ, ಮೆಣಸಿನಕಾಯಿ ಕಸುಬು-ವ್ಯಾಪಾರದ ಹೆಸರುಗಳು. ಒಂದೇ ಅಡ್ಡಹೆಸರಿನವರೆಲ್ಲ ಒಂದೇ ವಂಶದವರಲ್ಲ, ಒಂದೇ ಧರ್ಮದವರೂ ಆಗಿರಬೇಕಿಲ್ಲ. ಹಳೇ ಮೈಸೂರಿನವರಿಗೆ ಅಡ್ಡಹೆಸರಿಲ್ಲ, ಹೆಸರಿನ ಮುಂದಿನ ಇನಿಷಿಯಲ್ ಇದೆ. ಅದನ್ನು ಬಿಡಿಸಿದರೆ ಊರು, ತಂದೆಯ ಹೆಸರು ಎರಡೂ ಸಿಗುತ್ತವೆ. ಅಜ್ಜನ ಇನಿಷಿಯಲ್ ಅಪ್ಪನದಕ್ಕಿಂತ ಬೇರೆಯಿದ್ದರೆ ಖುಷಿಪಡಿ, ಇನ್ನೊಂದು ಊರು ಸಿಕ್ಕಿತು.

ಎಲ್ಲಿಂದ ಶುರು ಮಾಡಲಿ?

ಮನೆಯ ಅತ್ಯಂತ ಹಿರಿಯ ಹೆಂಗಸಿನಿಂದ. ಇವತ್ತೇ, ಹಬ್ಬಕ್ಕೆ ಊರಿಗೆ ಹೋದಾಗ ನೋಡೋಣ ಎನ್ನದೆ. ಗಂಡಸರಿಗೆ ತಮ್ಮ ಒಂದು ಸಾಲು ಗೊತ್ತಿರುತ್ತದೆ. ಹೆಂಗಸರಿಗೆ ತವರಿನದು, ಗಂಡನ ಮನೆಯದು, ಸೊಸೆಯರ ತವರಿನದು, ಹೆಣ್ಣುಮಕ್ಕಳನ್ನು ಕೊಟ್ಟ ಮನೆಗಳದು ಎಲ್ಲವೂ ಗೊತ್ತಿರುತ್ತದೆ. ಮದುವೆಗೆ ಸೀರೆ ಕೊಡುವ ಪಟ್ಟಿ ಮಾಡಿದವರು ಅವರೇ ಅಲ್ಲವೇ.

ಇಸವಿ ಕೇಳಿದರೆ ಹೇಳಲಾರರು. ‘ಪ್ಲೇಗಿಗೆ ಊರು ಬಿಟ್ಟಾಗ ಅತ್ತೆ ಕೈಗೂಸು’, ‘ಕನ್ನಂಬಾಡಿ ಕಟ್ಟೆ ಕಟ್ಟುವಾಗ ಮಾವನವರು ಕೂಲಿಗೆ ಹೋಗಿದ್ದರು’, ‘ಲಿಂಗನಮಕ್ಕಿ ನೀರು ಬಂದ ವರ್ಷ ನನ್ನ ಮದುವೆ’ ಎನ್ನುತ್ತಾರೆ. ಇವೇ ಇಸವಿಗಳು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ಕನ್ನಂಬಾಡಿ ಕೆಲಸ ಶುರುವಾದದ್ದು 1911ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಳೆಯ ಕಾಗದದಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ ಅರವತ್ತು ವರ್ಷದ ಚಕ್ರ ನೆನಪಿಡಿ: ರಾಕ್ಷಸ ಸಂವತ್ಸರ ಎಂದರೆ 1915–16 ಆಗಬಹುದು, 1975–76 ಆಗಬಹುದು. ಯಾವುದೆಂದು ಉಳಿದ ವಿವರ ಹೇಳುತ್ತದೆ.

ಆಮೇಲೆ ಕಾಗದಪತ್ರ. ಉಪನೋಂದಣಾಧಿಕಾರಿ ಕಚೇರಿಯ ಹಳೆಯ ವಿಭಾಗಪತ್ರ, ಕ್ರಯಪತ್ರಗಳಲ್ಲಿ ‘ಇಂಥವರ ಮಗ ಇಂಥವರು’ ಎಂದು ಎರಡು ಮೂರು ತಲೆಮಾರು ಸಿಗುತ್ತದೆ. ಪಹಣಿ, ಮ್ಯುಟೇಶನ್, ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಮತದಾರರ ಪಟ್ಟಿ ನೋಡಿ. ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕಗಳಿವೆ. ಸೂಫಿ ಮನೆತನಗಳಲ್ಲಿ ವಂಶಾವಳಿಗೆ ಶಜ್ರಾ ಎನ್ನುತ್ತಾರೆ. ಭೂಮಿಯೇ ಇಲ್ಲದಿದ್ದವರ ಹೆಸರು ಈ ಯಾವ ಕಚೇರಿಯಲ್ಲೂ ಸಿಗುವುದು ಕಷ್ಟ. ದಲಿತ ಕುಟುಂಬಗಳ ಗೆಳೆಯರು ಇದನ್ನು ನನಗೆ ಹೇಳಿದಾಗ ತಲೆ ತಗ್ಗಿಸಿದ್ದೇನೆ. ಅಲ್ಲಿ ಬಾಯಿಮಾತೇ ದಾಖಲೆ, ಆದ್ದರಿಂದ ಮೊಬೈಲಿನಲ್ಲಿ ಧ್ವನಿ ಹಿಡಿದಿಡುವುದು ಇನ್ನೂ ತುರ್ತಿನ ಕೆಲಸ.

ನಾಡಕಚೇರಿಯ ವಂಶವೃಕ್ಷವೂ ಇದೇ ತಾನೆ?

ಹೆಸರು ಅದೇ, ಕೆಲಸ ಬೇರೆ. ಪೌತಿ ಖಾತೆ, ಪರಿಹಾರ ಮುಂತಾದವುಗಳಿಗೆ ವಾರಸುದಾರರು ಯಾರೆಂದು ತೋರಿಸುವ ಪತ್ರ ಅದು. ಅರ್ಜಿ, ಅಫಿಡವಿಟ್, ಮರಣ ಪ್ರಮಾಣಪತ್ರ ಕೊಟ್ಟ ಮೇಲೆ ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡಿ ವರದಿ ಕೊಡುತ್ತಾರೆ.

ಇಲ್ಲಿ ನನ್ನದೊಂದು ಕಳಕಳಿಯ ಮಾತು. ಈ ಅರ್ಜಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವ ಚಾಳಿ ಇನ್ನೂ ಹೋಗಿಲ್ಲ. ‘ಮದುವೆ ಮಾಡಿ ಕೊಟ್ಟಾಯಿತಲ್ಲ’ ಎನ್ನುತ್ತಾರೆ. ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆಗಲೇ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಅಕ್ಕತಂಗಿಯರನ್ನು ಬಿಟ್ಟು ಬರೆದ ವಂಶವೃಕ್ಷ ಸುಳ್ಳು ಹೇಳಿಕೆ. ಅದರಿಂದ ಎಷ್ಟು ಮನೆಗಳು ಕೋರ್ಟು ಹತ್ತಿವೆ, ಎಷ್ಟು ತವರುಗಳ ಬಾಗಿಲು ಮುಚ್ಚಿವೆ ಎಂದು ನೀವೇ ಸುತ್ತ ಕಣ್ಣು ಹಾಯಿಸಿ.

ದತ್ತು ಬಂದವರು ವಂಶದವರು ಹೌದೇ?

ಹೌದು. ನಮ್ಮಲ್ಲಿ ಈ ಬಗ್ಗೆ ಅನುಮಾನ ಇಟ್ಟುಕೊಂಡವರು ಮೈಸೂರು ಅರಮನೆ ನೋಡಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಬಾಲಕನೇ ಹತ್ತನೇ ಚಾಮರಾಜೇಂದ್ರ ಒಡೆಯರ್. 2015ರಲ್ಲಿ ದತ್ತಕ ಸ್ವೀಕಾರವಾದ ಯದುವೀರರು ಜಯಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಗಾಯತ್ರಿದೇವಿಯವರ ಮಗಳ ಮಗ. ಅಂದರೆ ಕಾನೂನಿನ ಎಳೆ ದತ್ತಕದಿಂದ ಬಂತು, ರಕ್ತದ ಎಳೆ ಎರಡು ತಲೆಮಾರಿನ ಹೆಣ್ಣುಮಕ್ಕಳ ಮೂಲಕ ಬಂತು. ಮನೆಯಳಿಯನಾಗಿ ಬಂದು ಮಾವನ ಮನೆ ನಡೆಸಿದವರನ್ನೂ ಹಾಗೆಯೇ ಬರೆಯಿರಿ, ಮುಚ್ಚಿಡಬೇಡಿ.

ಎಷ್ಟು ತಲೆಮಾರು ಹಿಂದಕ್ಕೆ ಹೋಗಬಹುದು? ನಾವು ರಾಜವಂಶದವರು ಅಂತ ಅಜ್ಜ ಹೇಳುತ್ತಿದ್ದರು.

ಸಾಮಾನ್ಯ ಮನೆಗಳಲ್ಲಿ ಐದಾರು ತಲೆಮಾರು ಸಿಕ್ಕರೆ ಪುಣ್ಯ. ಹೆಳವರ ಪುಸ್ತಕ ಸಿಕ್ಕರೆ ಇನ್ನೂ ಹಿಂದೆ. ಅದರಾಚೆ ನಂಬಿಕೆ ಮತ್ತು ಇತಿಹಾಸ ಬೆರೆತಿರುತ್ತವೆ, ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಶಾಯಿಯಲ್ಲಿ.

ಲೆಕ್ಕ ಹಾಕಿ ನೋಡಿ. ಹತ್ತು ತಲೆಮಾರಿನ ಹಿಂದೆ ನಿಮಗೆ 1,024 ಹಿರಿಯರ ಸ್ಥಾನಗಳಿವೆ, ಇಪ್ಪತ್ತು ತಲೆಮಾರಿನ ಹಿಂದೆ ಹತ್ತು ಲಕ್ಷಕ್ಕೂ ಮಿಕ್ಕು. ಅಷ್ಟು ಬೇರೆ ಬೇರೆ ಜನ ಇರಲಿಲ್ಲ, ಸೋದರಿಕೆಯ ಮದುವೆಗಳಿಂದ ಒಬ್ಬರೇ ಹಲವು ಸ್ಥಾನಗಳಲ್ಲಿ ಬರುತ್ತಾರೆ. ಅತ್ತೆ ಮಗನನ್ನು ಮದುವೆಯಾದವರ ಮಕ್ಕಳಿಗೆ ಎಂಟು ಮುತ್ತಜ್ಜ-ಮುತ್ತಜ್ಜಿಯರ ಬದಲು ಆರೇ ಜನ. ಆ ಸಾವಿರ ಸ್ಥಾನಗಳಲ್ಲಿ ಒಂದರಲ್ಲಿ ಪಾಳೆಯಗಾರ ಇದ್ದಿರಬಹುದು. ಉಳಿದವುಗಳಲ್ಲಿ ಉತ್ತವರು, ನೇಯ್ದವರು, ಹೆರಿಗೆಯಲ್ಲೇ ಸತ್ತವರು ಇದ್ದಾರೆ, ಅವರೂ ಅಷ್ಟೇ ನಿಮ್ಮವರು.

ರಾಜರ ವಂಶಾವಳಿಯಲ್ಲೂ ಒಂದು ಸಂಗತಿ ನನ್ನನ್ನು ಬಹಳ ಹಿಡಿದಿಟ್ಟಿದೆ. ಬಾದಾಮಿ ಚಾಲುಕ್ಯರು ತಮ್ಮ ತಾಮ್ರಶಾಸನಗಳಲ್ಲಿ ಮಾನವ್ಯ ಗೋತ್ರದವರು ಎನ್ನುವುದರ ಜೊತೆಗೇ ‘ಹಾರೀತಿಪುತ್ರರು’, ಹಾರೀತಿಯ ಮಕ್ಕಳು, ಎಂದೂ ಹೇಳಿಕೊಂಡರು. ಅಷ್ಟು ದೊಡ್ಡ ಅರಸರು ತಾಯಿಯ ಹೆಸರಿನಿಂದ ಗುರುತಿಸಿಕೊಳ್ಳಲು ಹಿಂಜರಿಯಲಿಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಎಲ್ಲ ತಿಳಿಯುತ್ತದೆಯೇ?

ಮುತ್ತಜ್ಜನ ಹೆಸರು ತಿಳಿಯುವುದಿಲ್ಲ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ, ಮೈಟೋಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬಂದು ಮಗಳ ಮೂಲಕ ಮುಂದೆ ಸಾಗುತ್ತದೆ. ಗೋತ್ರ ನಡೆದದ್ದು ಮೊದಲನೆಯ ದಾರಿಯಲ್ಲಿ, ತುಳುನಾಡಿನ ಬಳಿ ಎರಡನೆಯದರಲ್ಲಿ. ಎರಡೂ ಸೇರಿದರೂ ನಿಮ್ಮ ಹಿರಿಯರಲ್ಲಿ ಎರಡೇ ಎಳೆ.

ವಂಶ ಹುಡುಕುವುದೆಂದರೆ ಜಾತಿಯನ್ನು ಗಟ್ಟಿಮಾಡಿದ ಹಾಗಲ್ಲವೇ?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಗೌರವವಿದೆ. ಹಾಗೆ ಬಳಸಿಕೊಂಡವರು ಬಹಳ ಜನ ಇದ್ದಾರೆ, ಈಗಲೂ ಇದ್ದಾರೆ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಹಿರಿಮೆಯನ್ನು ಪ್ರಶ್ನಿಸಿದ ನಾಡು ಇದು, ಆ ಪ್ರಶ್ನೆ ನಮ್ಮ ಪುಸ್ತಕದ ಮೊದಲ ಪುಟದಲ್ಲೇ ಇರಬೇಕು. ನಾನು ಪಾಲಿಸುವ ನಿಯಮ ಇಷ್ಟು: ಬೇರೆ ಜಾತಿಯಲ್ಲಿ ಮದುವೆಯಾಗಿ ಮನೆಯವರು ದೂರವಿಟ್ಟವರ ಹೆಸರನ್ನು ಅವರ ಸಂಗಾತಿ, ಮಕ್ಕಳ ಸಮೇತ ಅವರವರ ಸ್ಥಾನದಲ್ಲೇ ಬರೆಯುವುದು. ನಮ್ಮ ಮನೆಯಲ್ಲಿ ಅಂಥ ಒಬ್ಬ ಚಿಕ್ಕಮ್ಮನ ಹೆಸರನ್ನು ನಲವತ್ತು ವರ್ಷದ ಮೇಲೆ ಬರೆದಾಗ ಅವರು ಆ ಹಾಳೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದರು.

ಅಜ್ಜಿ, ಮುತ್ತಜ್ಜಿಯರ ಹೆಸರೇ ಸಿಗುತ್ತಿಲ್ಲ. ಏನು ಮಾಡುವುದು?

ಮದುವೆಯಲ್ಲಿ ಪುರೋಹಿತರು ಮೂರು ತಲೆಮಾರು ಹೇಳುತ್ತಾರೆ. ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಎಂದು ಬರುವುದೆಲ್ಲ ಗಂಡಸರ ಹೆಸರು. ಆದರೆ ಶ್ರಾದ್ಧದ ತರ್ಪಣದಲ್ಲಿ ತಾಯಿ, ತಂದೆಯ ತಾಯಿ, ಅವರ ಅತ್ತೆ ಹೀಗೆ ಹೆಂಗಸರ ಹೆಸರೂ ಬರುತ್ತದೆ. ತಿಥಿ ಮಾಡುವ ಮನೆಗಳಲ್ಲಿ ಪಂಚಾಂಗದ ಹಿಂಬದಿಯಲ್ಲೋ ದೇವರ ಗೂಡಿನ ಡಬ್ಬಿಯಲ್ಲೋ ಆ ಹೆಸರುಗಳ ಚೀಟಿ ಇರುತ್ತದೆ, ಹುಡುಕಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಗಳಲ್ಲಿ ಯಾರ ಹೆಸರಿಗೆ ಯಾವ ಸೀರೆ, ಯಾವ ತಿಂಡಿ ಇಡುತ್ತಾರೆಂದು ಕೇಳಿ. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ರೂಢಿ ಇದ್ದಲ್ಲಿ ಹಿರಿಯ ಹೆಣ್ಣುಮಗುವಿನ ಹೆಸರೇ ಸುಳಿವು. ಗಂಡನ ಮನೆಗೆ ಬಂದ ಮೇಲೆ ಹೆಸರು ಬದಲಾಯಿಸಿದ್ದರೆ ತವರಿನ ಹೆಸರನ್ನೂ ಬರೆಯಿರಿ.

ಎಲ್ಲ ಹುಡುಕಿದರೂ ಸಿಗದಿದ್ದರೆ ಖಾಲಿ ಬಿಡಬೇಡಿ, ‘ಪತ್ನಿ’ ಎಂದು ಬರೆದು ಮುಗಿಸಲೂಬೇಡಿ. ನಮ್ಮ ಪುಸ್ತಕದ ನಾಲ್ಕನೇ ಪುಟದಲ್ಲಿ ಒಂದು ಚೌಕದೊಳಗೆ ಹೀಗಿದೆ: ‘ಹೆಸರು ತಿಳಿಯದು. ತವರು ಹೊಳೆಯಾಚೆಯ ಹಳ್ಳಿ. ಆರು ಹೆತ್ತು ಇಬ್ಬರನ್ನು ಉಳಿಸಿಕೊಂಡರು. ಹಿತ್ತಲ ಹಲಸಿನ ಮರ ಇವರು ನೆಟ್ಟದ್ದು.’ ಪಕ್ಕದಲ್ಲಿ ಒಂದು ಗೆರೆಯಷ್ಟು ಜಾಗ ಬಿಟ್ಟಿದ್ದೇವೆ, ಹೆಸರು ಸಿಕ್ಕಿದ ದಿನ ಬರೆಯಲು.